ಡಿಶ್‌ವಾಶರ್‌ನ ರಿನ್ಸ್ ಏಡ್ ಲೈಟ್ ಆರುತ್ತಿಲ್ಲವೇ? ವಿನೆಗರ್ ಸುರಿಯುವ ಮೊದಲು ಇದನ್ನು ಓದಿ

"ರಿನ್ಸ್ ಏಡ್‌ಗೆ ದುಡ್ಡು ದಂಡ ಮಾಡಬೇಡಿ, ಅದರ ಬದಲು ಬಿಳಿ ವಿನೆಗರ್ ಸುರಿಯಿರಿ, ಪಾತ್ರೆ ಪಳಪಳ ಹೊಳೆಯುತ್ತದೆ" ಎಂಬ ಸಲಹೆ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. "ರಿನ್ಸ್ ಏಡ್ ವಿಷ, ಕರುಳು ಹಾಳಾಗುತ್ತದೆ" ಎನ್ನುವ ಇನ್ನೊಂದು ಫಾರ್ವರ್ಡ್ ಕೂಡ ಇದೆ. ಎರಡರಲ್ಲೂ ಚೂರುಪಾರು ಸತ್ಯವಿದೆ. ಆದರೆ ಲೈಟ್ ಆರದೇ ಇರುವುದಕ್ಕೆ ಅಥವಾ ಲೋಟದ ಮೇಲೆ ಕಲೆ ಉಳಿಯುವುದಕ್ಕೆ ಅಸಲಿ ಕಾರಣ ಬೇರೆಯೇ ಇರುತ್ತದೆ, ಮತ್ತು ಅದನ್ನು ಬಹುತೇಕ ಮನೆಯಲ್ಲೇ ಸರಿಪಡಿಸಬಹುದು.

ಮೊದಲು ರಿನ್ಸ್ ಏಡ್ ಮಾಡುವ ಕೆಲಸ ಏನೆಂದು ನೋಡೋಣ. ಇದು ಸೋಪಲ್ಲ, ಕೊಳೆ ತೆಗೆಯುವುದು ಇದರ ಕೆಲಸವಲ್ಲ. ಕೆಸುವಿನ ಎಲೆಯ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದಲ್ಲ, ತೊಳೆದ ಗಾಜಿನ ಮೇಲೂ ಒಂದಿಷ್ಟು ಹಾಗೆಯೇ ನಿಲ್ಲುತ್ತದೆ. ಆ ಹನಿ ಒಣಗಿದಾಗ ಅದರಲ್ಲಿದ್ದ ಸುಣ್ಣದ ಅಂಶ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ರಿನ್ಸ್ ಏಡ್ ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುತ್ತದೆ. ಆಗ ನೀರು ಹನಿಗಟ್ಟದೆ ತೆಳ್ಳಗೆ ಹರಡಿ ಜಾರಿ ಹೋಗುತ್ತದೆ. ಯಂತ್ರವು ಕೊನೆಯ ಬಿಸಿನೀರಿನ ಸುತ್ತಿನಲ್ಲಿ ಮಾತ್ರ ಇದನ್ನು ಕೆಲವು ಮಿಲಿಲೀಟರ್‌ನಷ್ಟು ಬಿಡುತ್ತದೆ. ಹಾಗಾಗಿ ಮಧ್ಯದಲ್ಲಿ ಕರೆಂಟ್ ಹೋಗಿ ನೀವು ಪಾತ್ರೆ ಹೊರಗೆ ತೆಗೆದಿದ್ದರೆ, ಅಥವಾ ಬರೀ ಪ್ರೀ-ರಿನ್ಸ್ ಪ್ರೋಗ್ರಾಂ ಹಾಕಿದ್ದರೆ, ಆ ಸಲ ರಿನ್ಸ್ ಏಡ್ ಬಂದೇ ಇರುವುದಿಲ್ಲ.

ಲೈಟ್ ಉರಿಯುತ್ತಿದ್ದರೆ

ಅದು ಯಾವ ಲೈಟ್ ಎಂದು ಮೊದಲು ನೋಡಿಕೊಳ್ಳಿ. ನಕ್ಷತ್ರದಂತೆ ಕಾಣುವ ಚಿಹ್ನೆ ರಿನ್ಸ್ ಏಡ್‌ದು. 'ಎಸ್' ಅಕ್ಷರದಂತೆ ಬಾಗಿದ ಬಾಣಗಳ ಚಿಹ್ನೆ ಉಪ್ಪಿನದು. ಉಪ್ಪು ಮುಗಿದಿದೆ ಎಂದು ಯಂತ್ರ ಹೇಳುತ್ತಿರುವಾಗ ರಿನ್ಸ್ ಏಡ್ ಸುರಿಯುತ್ತಾ ಕೂತರೆ ಲೈಟ್ ಆರುವುದಾದರೂ ಹೇಗೆ?

ಚಿಹ್ನೆ ರಿನ್ಸ್ ಏಡ್‌ದೇ ಆಗಿದ್ದರೆ, ತುಂಬಿಸಿದ ಕ್ರಮವನ್ನು ಇನ್ನೊಮ್ಮೆ ನೋಡಿ. ಬಾಗಿಲನ್ನು ಪೂರ್ತಿ ಕೆಳಕ್ಕೆ ಬಿಡಬೇಕು. ನಿಧಾನಕ್ಕೆ ಸುರಿಯಬೇಕು, ಏಕೆಂದರೆ ಒಳಗಿನ ಗಾಳಿ ಅದೇ ಬಾಯಿಯಿಂದ ಹೊರಗೆ ಬರಬೇಕು. ಗುಳ್ಳೆ ಇಳಿದ ಮೇಲೆ ಗುರುತಿನವರೆಗೆ ಮತ್ತೆ ಸ್ವಲ್ಪ ಹಾಕಿ. ಮುಚ್ಚಳ 'ಟಕ್' ಎನ್ನುವವರೆಗೆ ಒತ್ತಿ. ಸುತ್ತ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸದಿದ್ದರೆ ಮುಂದಿನ ವಾಶ್‌ನಲ್ಲಿ ನೊರೆ ಏಳುತ್ತದೆ.

ಕೆಲವು ಯಂತ್ರಗಳಲ್ಲಿ ದ್ರವದ ಮೇಲೆ ತೇಲುವ ಅಯಸ್ಕಾಂತದ ಸಣ್ಣ ಬೆಂಡು ಮಟ್ಟವನ್ನು ತಿಳಿಸುತ್ತದೆ. ಹಳೆಯ ರಿನ್ಸ್ ಏಡ್ ಅಂಟಂಟಾಗಿ ಗಟ್ಟಿಯಾದರೆ ಈ ಬೆಂಡು ಸಿಕ್ಕಿಕೊಳ್ಳುತ್ತದೆ. ಬಾಗಿಲನ್ನು ನಾಲ್ಕೈದು ಸಲ ಮೆಲ್ಲಗೆ ತೆರೆದು ಮುಚ್ಚಿದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ. ಬಾಗಿಲು ಮುಚ್ಚಿ ಒಂದೆರಡು ವಾಶ್ ಆದ ಮೇಲೇ ಲೈಟ್ ಆರಿಸುವ ಯಂತ್ರಗಳೂ ಇವೆ, ತುಸು ತಾಳ್ಮೆ ಬೇಕು. ನೀವು ಬಳಸುವುದು ರಿನ್ಸ್ ಏಡ್ ಸೇರಿಸಿದ 'ಆಲ್ ಇನ್ ಒನ್' ಟ್ಯಾಬ್ಲೆಟ್ ಆಗಿದ್ದರೆ, ಡಬ್ಬಿ ಖಾಲಿ ಇರುವುದರಿಂದ ಲೈಟ್ ಉರಿಯುತ್ತಲೇ ಇರಬಹುದು. ಅದು ರಿಪೇರಿಯ ವಿಷಯವಲ್ಲ.

ನಿಜಕ್ಕೂ ಹೊರಗೆ ಬರುತ್ತಿದೆಯೇ?

ಇದನ್ನು ತಿಳಿಯಲು ನಾವು ಬಳಸುವ ಉಪಾಯ ಬಹಳ ಸರಳ. ಮೆಡಿಕಲ್ ಶಾಪ್‌ನಿಂದ ಸೂಜಿಯಿಲ್ಲದ 20 ಮಿಲಿ ಸಿರಿಂಜ್ ತನ್ನಿ. ಡಬ್ಬಿಯನ್ನು ಗುರುತಿನವರೆಗೆ ತುಂಬಿಸಿ, ಐದು ಪೂರ್ತಿ ವಾಶ್ ಮುಗಿಸಿ. ನಂತರ ಅದೇ ಗುರುತಿನವರೆಗೆ ಸಿರಿಂಜ್‌ನಿಂದ ತುಂಬಿಸುತ್ತಾ ಎಷ್ಟು ಹಿಡಿಯಿತು ಎಂದು ಲೆಕ್ಕ ಹಾಕಿ. ಪ್ರತಿ ವಾಶ್‌ಗೆ 3 ಮಿಲಿ ಬಿಡುವಂತೆ ಇಟ್ಟಿದ್ದರೆ ಸುಮಾರು 15 ಮಿಲಿ ಹಿಡಿಯಬೇಕು. (ನಿಮ್ಮ ಯಂತ್ರದ ಅಳತೆ ಅದರ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆ ಪುಸ್ತಕ ಎಸೆದಿದ್ದರೆ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಸಿಗುತ್ತದೆ.) ಒಂದು ಹನಿಯೂ ಹಿಡಿಯದಿದ್ದರೆ ದಾರಿ ಕಟ್ಟಿದೆ ಅಥವಾ ಬಿಡುವ ಭಾಗ ಕೆಟ್ಟಿದೆ. ಎರಡು ದಿನಕ್ಕೇ ಇಡೀ ಡಬ್ಬಿ ಖಾಲಿಯಾದರೆ ಮುಚ್ಚಳದ ರಬ್ಬರ್ ಸೋರುತ್ತಿದೆ.

ಕಟ್ಟಿಕೊಂಡಿದ್ದರೆ ಪ್ಲಗ್ ತೆಗೆದು, ಸಿರಿಂಜ್‌ನಿಂದ ಹಳೆಯ ದ್ರವವನ್ನು ಎಳೆದುಬಿಡಿ. ಉಗುರುಬೆಚ್ಚಗಿನ ನೀರು ತುಂಬಿಸಿ ಹತ್ತು ನಿಮಿಷ ಬಿಟ್ಟು ಎಳೆಯಿರಿ, ಅಂಟು ಹೋಗುವವರೆಗೆ ಹೀಗೇ ಮಾಡಿ. ಹೊರಬರುವ ತೂತನ್ನು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಪಿನ್ನು, ಸೂಜಿ ಹಾಕಿ ಚುಚ್ಚಬೇಡಿ. ಸೀಲ್ ಹರಿದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಕುದಿಯುವ ನೀರೂ ಬೇಡ.

ಕಲೆ ನೋಡಿ ಕಾರಣ ತಿಳಿಯಿರಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬರುವ ದೂರುಗಳಲ್ಲಿ ರಿನ್ಸ್ ಏಡ್‌ಗಿಂತ ನೀರಿನ ಪಾತ್ರವೇ ದೊಡ್ಡದಿರಬಹುದು. ಕಾವೇರಿ ನೀರು ಸಾಲದಾದಾಗ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಂಪಿಗೆ ಸೇರುತ್ತದೆ, ಗಡಸುತನ ಒಮ್ಮೆಲೇ ಏರುತ್ತದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇಷ್ಟು ಗಡಸು ನೀರಿಗೆ ರಿನ್ಸ್ ಏಡ್ ಒಂದೇ ಸಾಲದು. ಯಂತ್ರದ ತಳದ ತೊಟ್ಟಿಗೆ ಡಿಶ್‌ವಾಶರ್ ಉಪ್ಪು ಹಾಕಿ, ಗಡಸುತನದ ಸೆಟ್ಟಿಂಗ್ ಸರಿಪಡಿಸಲೇಬೇಕು. ಅಡುಗೆಯ ಅಯೋಡಿನ್ ಉಪ್ಪು ಅಲ್ಲಿಗೆ ಬೇಡ.

ಲೋಟದ ಮೇಲೆ ಬಿಳಿ ಪೊರೆ ಇದ್ದರೆ ನಿಂಬೆ ಹೋಳಿನಿಂದ ಉಜ್ಜಿ ನೋಡಿ. ಹೋದರೆ ಅದು ಸುಣ್ಣ, ಉಪ್ಪಿನ ಕಡೆ ಗಮನ ಕೊಡಿ. ಏನು ಮಾಡಿದರೂ ಹೋಗದಿದ್ದರೆ ಗಾಜೇ ಸವೆದಿದೆ, ಅದು ಮತ್ತೆ ಹೊಳೆಯುವುದಿಲ್ಲ. ಬಿಡಿಬಿಡಿ ಹನಿ ಗುರುತಿದ್ದರೆ ರಿನ್ಸ್ ಏಡ್ ಕಡಿಮೆ. ನೀಲಿ ಛಾಯೆಯ ಗೆರೆ, ಮುಟ್ಟಿದರೆ ಜಾರುವ ಜಿಡ್ಡು ಇದ್ದರೆ ಹೆಚ್ಚಾಗಿದೆ. ಮುಚ್ಚಳದ ಕೆಳಗಿನ ತಿರುಗಣೆಯನ್ನು ಅಥವಾ ಬಟನ್‌ನ ಸೆಟ್ಟಿಂಗನ್ನು ಒಂದು ಅಂಕೆ ಮಾತ್ರ ಬದಲಿಸಿ, ಎರಡು ಮೂರು ವಾಶ್ ನೋಡಿ. ಕಾಫಿ ಲೋಟ ಬೋರಲು ಹಾಕಿದಾಗ ತಳದ ಕುಳಿಯಲ್ಲಿ ನೀರು ನಿಂತರೆ ಅದಕ್ಕೆ ಯಾವ ದ್ರವವೂ ಪರಿಹಾರವಲ್ಲ, ಲೋಟವನ್ನು ಓರೆಯಾಗಿ ಇಡಬೇಕು. ಪ್ಲಾಸ್ಟಿಕ್ ಡಬ್ಬಗಳು ಸ್ಟೀಲಿನಷ್ಟು ಬಿಸಿ ಹಿಡಿದಿಡುವುದಿಲ್ಲ, ಅವು ಒದ್ದೆಯಾಗಿಯೇ ಬರುತ್ತವೆ.

ಇನ್ನು ಆ ಎರಡು ಫಾರ್ವರ್ಡ್‌ಗಳು

ವಿನೆಗರ್ ಸುಣ್ಣ ಕರಗಿಸುತ್ತದೆ, ಅದು ನಿಜ. ಆದರೆ ನೀರನ್ನು ರಿನ್ಸ್ ಏಡ್‌ನಂತೆ ಹರಡಿಸುವ ಗುಣ ಅದಕ್ಕಿಲ್ಲ. ಮೇಲಾಗಿ ಆ ಆಮ್ಲ ಡಬ್ಬಿಯಲ್ಲಿ ವಾರಗಟ್ಟಲೆ ರಬ್ಬರ್ ಸೀಲ್‌ಗೆ ತಾಗಿಕೊಂಡೇ ಇರುತ್ತದೆ, ಅದು ಸೀಲಿಗೆ ಒಳ್ಳೆಯದಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವುದಂತೂ ಬೇಡವೇ ಬೇಡ, ನೊರೆ ಅಡುಗೆಮನೆಯ ನೆಲಕ್ಕೆ ಬರುತ್ತದೆ.

'ಕರುಳು' ಫಾರ್ವರ್ಡ್‌ನ ಹಿಂದೆ ಒಂದು ನಿಜವಾದ ಅಧ್ಯಯನವಿದೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಅಲರ್ಜಿ ಸಂಶೋಧನಾ ಸಂಸ್ಥೆಯ ತಂಡ 2022ರ ಕೊನೆಯಲ್ಲಿ ಅದನ್ನು ಪ್ರಕಟಿಸಿತು. ರಿನ್ಸ್ ಏಡ್‌ನಲ್ಲಿರುವ ಆಲ್ಕೋಹಾಲ್ ಎಥಾಕ್ಸಿಲೇಟ್‌ಗಳು ಕರುಳಿನ ಜೀವಕೋಶಗಳ ಪದರಕ್ಕೆ ಹಾನಿ ಮಾಡುವುದನ್ನು ಅವರು ಪ್ರಯೋಗಾಲಯದಲ್ಲಿ ಕಂಡರು. ಅವರ ಮುಖ್ಯ ಆತಂಕ ಇದ್ದದ್ದು ಹೋಟೆಲು, ಕ್ಯಾಂಟೀನ್‌ಗಳ ದೊಡ್ಡ ಯಂತ್ರಗಳ ಬಗ್ಗೆ. ಪ್ರಯೋಗ ನಡೆದದ್ದು ಜೀವಕೋಶಗಳ ಮೇಲೆ, ಮನುಷ್ಯರ ಮೇಲಲ್ಲ. ಇದನ್ನೇ "ವಿಷ" ಎಂದು ಹಂಚುವುದು ತಪ್ಪು. ಆದರೆ ಮನೆಯ ಯಂತ್ರದಲ್ಲೂ ರಿನ್ಸ್ ಏಡ್ ಬಂದ ಮೇಲೆ ಸಾಮಾನ್ಯವಾಗಿ ಮತ್ತೆ ನೀರು ಹಾಯಿಸುವುದಿಲ್ಲ. ಹಾಗಾಗಿ ಕಲೆ ಬೀಳದಷ್ಟು ಕಡಿಮೆ ಅಂಕೆಯಲ್ಲಿ ಇಡುವುದೇ ನಮ್ಮ ಸಲಹೆ.

ಇಷ್ಟಾದರೂ ಸಿರಿಂಜ್ ಲೆಕ್ಕ ತಾಳೆಯಾಗದಿದ್ದರೆ ಟೆಕ್ನಿಶಿಯನ್‌ನನ್ನು ಕರೆಯಿರಿ. ಕರೆಯುವ ಮೊದಲು ಒಂದು ವಿಷಯ ಗಮನಿಸಿ: ವಾಶ್ ಮುಗಿದಾಗ ಡಿಟರ್ಜೆಂಟ್‌ನ ಮುಚ್ಚಳ ತೆರೆದುಕೊಂಡಿತ್ತೇ? ಅನೇಕ ಯಂತ್ರಗಳಲ್ಲಿ ಒಂದೇ ಭಾಗ ಮೊದಲು ಆ ಮುಚ್ಚಳವನ್ನು ತೆರೆಯುತ್ತದೆ, ಆಮೇಲೆ ರಿನ್ಸ್ ಏಡ್ ಬಿಡುತ್ತದೆ. ಎರಡೂ ಆಗದಿದ್ದರೆ ತೊಂದರೆ ವೈರ್ ಅಥವಾ ಬೋರ್ಡ್ ಕಡೆಗೂ ಇರಬಹುದು, ರಿನ್ಸ್ ಏಡ್ ಮಾತ್ರ ಬರದಿದ್ದರೆ ಡಿಸ್ಪೆನ್ಸರ್ ಕಡೆ. ಫೋನಿನಲ್ಲೇ ಇದನ್ನು ಹೇಳಿದರೆ ಬರುವವರು ಸರಿಯಾದ ಬಿಡಿಭಾಗ ಹಿಡಿದೇ ಬರುತ್ತಾರೆ.