ಪೊರಕೆ ಹಿಡಿದು ಬೀದಿಗಿಳಿದವರು

ಮಕ್ಕಳೇ, ಭಾನುವಾರ ನೀವು ಕನ್ನಡ ತರಗತಿಗೆ ಓಡೋಡಿ ಬರುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ನೆಲ ಹೊಳೆಯುತ್ತಿರುತ್ತದೆ, ಕಸದ ಬುಟ್ಟಿ ಖಾಲಿಯಾಗಿರುತ್ತದೆ. ಇದನ್ನೆಲ್ಲ ಮಾಡಿಟ್ಟವರನ್ನು ಎಂದಾದರೂ ನೋಡಿದ್ದೀರಾ?

ಅವರನ್ನು ಇಲ್ಲಿ ಜಾನಿಟರ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಯಾನುವಾ' ಎಂದರೆ ಬಾಗಿಲು. ಜಾನಿಟರ್ ಎಂದರೆ ಬಾಗಿಲು ಕಾಯುವವನು. ಬೇಲೂರಿಗೆ ಹೋದವರು ಗರ್ಭಗುಡಿಯ ಬಾಗಿಲ ಎರಡೂ ಬದಿ ನಿಂತ ದ್ವಾರಪಾಲಕರನ್ನು ನೋಡಿರುತ್ತೀರಿ. ಹೆಸರಿನ ಅರ್ಥ ಒಂದೇ, ಸಿಗುವ ಮರ್ಯಾದೆ ಮಾತ್ರ ಬೇರೆ.

ನೂರು ವರ್ಷಗಳ ಹಿಂದೆ ಷಿಕಾಗೋದ ವಸತಿ ಕಟ್ಟಡಗಳಲ್ಲಿ ಜಾನಿಟರ್ ಎಂದರೆ ಗುಡಿಸುವವನಷ್ಟೇ ಅಲ್ಲ. ಚಳಿಗಾಲದಲ್ಲಿ ಕುಲುಮೆಗೆ ಕಲ್ಲಿದ್ದಲು ಸುರಿದು, ಬೂದಿ ಹೊತ್ತು, ಇಡೀ ಕಟ್ಟಡವನ್ನು ಬೆಚ್ಚಗಿಡುವವನೂ ಅವನೇ. ಎಷ್ಟೋ ಜನ ನೆಲಮಾಳಿಗೆಯಲ್ಲೇ ಸಂಸಾರ ಹೂಡಿದ್ದರು. 1921ರಲ್ಲಿ ಅಲ್ಲಿ ಹುಟ್ಟಿದ ಕಟ್ಟಡ ನೌಕರರ ಸಂಘವೇ ಇಂದಿನ ಎಸ್‌ಇಐಯು.

ಈಗ ಲಾಸ್ ಏಂಜಲೀಸ್‌ಗೆ ಬನ್ನಿ. 1980ರ ದಶಕದ ಆರಂಭದಲ್ಲಿ ಅಲ್ಲಿ ಸಂಘಕ್ಕೆ ಸೇರಿದ ಜಾನಿಟರ್‌ಗೆ ಗಂಟೆಗೆ 7 ಡಾಲರಿಗಿಂತ ಹೆಚ್ಚು ಕೂಲಿ, ಮನೆಮಂದಿಗೆಲ್ಲ ಆರೋಗ್ಯ ವಿಮೆ ಇತ್ತು. ಕೆಲವೇ ವರ್ಷಗಳಲ್ಲಿ ಕೂಲಿ 4.50 ಡಾಲರಿಗೆ ಇಳಿಯಿತು, ವಿಮೆ ಹೋಯಿತು. ಹೇಗೆ? ಕಟ್ಟಡದ ಮಾಲೀಕರು ಶುಚಿ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಕಡಿಮೆ ದರ ಕೂಗಿದವರಿಗೆ ಗುತ್ತಿಗೆ. ಉಳಿತಾಯವೆಲ್ಲ ಕೂಲಿಯವರ ಜೇಬಿನಿಂದ. ಕೇಳಿದರೆ "ಅವರು ನಮ್ಮ ನೌಕರರಲ್ಲ" ಎಂಬ ಉತ್ತರ. (ಪೋಷಕರೇ, ನಮ್ಮೂರಿನ ಪೌರಕಾರ್ಮಿಕರೂ ಈ ಗುತ್ತಿಗೆಯ ಬಿಸಿ ಚೆನ್ನಾಗಿ ಉಂಡವರೇ.)

ಈ ಕೆಲಸದಲ್ಲಿದ್ದ ಹೆಚ್ಚಿನವರು ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಮೆಕ್ಸಿಕೋಗಳಿಂದ ಬಂದವರು. ರಾತ್ರಿಪಾಳಿ, ಯಾರ ಕಣ್ಣಿಗೂ ಬೀಳದ ದುಡಿಮೆ. ಆದ್ದರಿಂದ ಅವರು ಕಣ್ಣಿಗೆ ಬೀಳಲೇಬೇಕೆಂದು ನಿರ್ಧರಿಸಿದರು. ಕೆಂಪು ಅಂಗಿ ತೊಟ್ಟು, ಡೋಲು ಬಡಿಯುತ್ತಾ ಹಗಲಲ್ಲಿ ಬೀದಿಗಿಳಿದರು. 'ಜಾನಿಟರ್‌ಗಳಿಗೆ ನ್ಯಾಯ' ಎಂಬುದು ಚಳವಳಿಯ ಹೆಸರು.

1990ರ ಜೂನ್ 15ರಂದು ಸೆಂಚುರಿ ಸಿಟಿಯ ಗಗನಚುಂಬಿಗಳ ನಡುವೆ ಅವರ ಶಾಂತ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಹೆಂಗಸರು, ಮಕ್ಕಳೂ ಅಲ್ಲಿದ್ದರು. ಹಲವರಿಗೆ ಪೆಟ್ಟಾಯಿತು. ಆದರೆ ಅದೆಲ್ಲ ಕ್ಯಾಮೆರಾದಲ್ಲಿ ಸೆರೆಯಾಗಿ, ಟಿವಿಯಲ್ಲಿ ಊರೆಲ್ಲ ನೋಡಿತು. ಕೆಲವೇ ವಾರಗಳಲ್ಲಿ ಗುತ್ತಿಗೆ ಕಂಪನಿ ಸಂಘದೊಂದಿಗೆ ಒಪ್ಪಂದಕ್ಕೆ ಬಂತು. ಜೂನ್ 15 ಈಗ ಹಲವು ದೇಶಗಳಲ್ಲಿ ಶುಚಿ ಕೆಲಸಗಾರರ ದಿನ.

2000ದ ಏಪ್ರಿಲ್‌ನಲ್ಲಿ ಅದೇ ಊರಿನ ಸಾವಿರಾರು ಜಾನಿಟರ್‌ಗಳು ಮತ್ತೆ ಪೊರಕೆ ಕೆಳಗಿಟ್ಟರು. ಮೂರು ವಾರ ಮುಷ್ಕರ ನಡೆಯಿತು. ಈ ಸಲ ಕೂಲಿ ಹೆಚ್ಚಿಸಿಕೊಂಡೇ ಕೆಲಸಕ್ಕೆ ಮರಳಿದರು.