ಡಿಎನ್‌ಎಸ್ ಕ್ಯಾಶ್ ಅಳಿಸಿದರೆ ಇಂಟರ್ನೆಟ್ ವೇಗವಾಗುತ್ತದೆಯೇ?

ಇಂಟರ್ನೆಟ್ ನಿಧಾನವಾದಾಗ ‘ಡಿಎನ್‌ಎಸ್ ಕ್ಯಾಶ್ ಕ್ಲಿಯರ್ ಮಾಡಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ.

ನಾವು ಬ್ರೌಸರಿನಲ್ಲಿ ವೆಬ್‌ಸೈಟಿನ ಹೆಸರು ಟೈಪ್ ಮಾಡುತ್ತೇವೆ. ಆದರೆ ಕಂಪ್ಯೂಟರಿಗೆ ಬೇಕಾಗಿರುವುದು ಐಪಿ ವಿಳಾಸ ಎಂಬ ಸಂಖ್ಯೆ. ಹೆಸರಿಗೆ ತಕ್ಕ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಪಾಲ್ ಮೊಕಪೆಟ್ರಿಸ್ 1983ರಲ್ಲಿ ಇದನ್ನು ರೂಪಿಸಿದರು. ಪ್ರತಿ ಸಲವೂ ಹೊರಗಿನ ಸರ್ವರನ್ನು ಕೇಳುವ ಬದಲು, ಒಮ್ಮೆ ಸಿಕ್ಕ ಉತ್ತರವನ್ನು ಕಂಪ್ಯೂಟರ್ ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಅದೇ ಕ್ಯಾಶ್ (ದುಡ್ಡಿನ ಕ್ಯಾಶ್ ಅಲ್ಲ!). ಒಂದು ಸುದ್ದಿತಾಣದ ಪುಟ ತೆರೆಯಲು ಚಿತ್ರ, ಜಾಹೀರಾತು, ಫಾಂಟ್ ಎಂದು ಹತ್ತಾರು ಹೆಸರುಗಳನ್ನು ಹುಡುಕಬೇಕಾಗಬಹುದು. ಕ್ಯಾಶ್ ಅಳಿಸಿದರೆ ಅಷ್ಟನ್ನೂ ಮತ್ತೆ ಕೇಳಬೇಕು.

ಹಾಗಾದರೆ ತೊಂದರೆ ಎಲ್ಲಿ? ಬರೆದಿಟ್ಟ ಉತ್ತರ ಹಳತಾಗಬಹುದು. ಪ್ರತಿ ಉತ್ತರದ ಜೊತೆ ‘ಟಿಟಿಎಲ್’ ಎಂಬ ಅವಧಿ ಸೆಕೆಂಡುಗಳಲ್ಲಿ ಬರುತ್ತದೆ. 300 ಎಂದರೆ ಐದು ನಿಮಿಷ, 86400 ಎಂದರೆ ಒಂದು ದಿನ. ಇದನ್ನು ನಿಗದಿ ಮಾಡುವವರು ನಾವಲ್ಲ, ಆ ತಾಣವನ್ನು ನಡೆಸುವವರು. ಅವರು ಸರ್ವರ್ ಬದಲಿಸಿದರೂ, ಅವಧಿ ಮುಗಿಯುವವರೆಗೆ ನಮ್ಮ ಕಂಪ್ಯೂಟರ್ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ಅದಕ್ಕೇ ಅನುಭವಸ್ಥರು ಸ್ಥಳಾಂತರಕ್ಕೆ ಮುಂಚೆಯೇ ಟಿಟಿಎಲ್ ಇಳಿಸುತ್ತಾರೆ.

ಇನ್ನೊಂದು ವಿಚಿತ್ರವಿದೆ. ‘ಆ ಹೆಸರೇ ಇಲ್ಲ’ ಎಂಬ ಉತ್ತರವೂ ಕ್ಯಾಶ್ ಆಗುತ್ತದೆ. ಹೊಸ ತಾಣ ಶುರುವಾಗುವ ಮುನ್ನವೇ ಆತುರಕ್ಕೆ ತೆರೆದು ನೋಡಿದವರಿಗೆ, ಅದು ಶುರುವಾದ ಮೇಲೂ ಸ್ವಲ್ಪ ಹೊತ್ತು ಕಾಣಿಸದೇ ಇರಬಹುದು. ಪಕ್ಕದವರ ಕಂಪ್ಯೂಟರಿನಲ್ಲಿ ಮಾತ್ರ ಸರಿಯಾಗಿ ತೆರೆಯುತ್ತಿರುತ್ತದೆ! ಕ್ಯಾಶ್ ಅಳಿಸುವುದು ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಸಂದರ್ಭಗಳಲ್ಲಿ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಎಂಬ ಕಮಾಂಡನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು. ಆದರೆ ಬ್ರೌಸರ್, ರೂಟರ್, ಇಂಟರ್ನೆಟ್ ಕಂಪನಿಯ ಸರ್ವರ್ ಕೂಡ ತಮ್ಮದೇ ಕ್ಯಾಶ್ ಇಟ್ಟುಕೊಂಡಿರಬಹುದು. ಕಂಪನಿಯ ಸರ್ವರಿನಲ್ಲಿರುವುದನ್ನು ನಾವು ಅಳಿಸಲಾರೆವು. ತಾಣ ಆಗಲೂ ತೆರೆಯದಿದ್ದರೆ ಮೊಬೈಲ್ ಡೇಟಾದಲ್ಲಿ ನೋಡಿ. ಅಲ್ಲಿ ತೆರೆದರೆ ತಪ್ಪು ತಾಣದ್ದಲ್ಲ, ಕಾಯುವುದೇ ಸುಲಭ.

ವೇಗಕ್ಕಿಂತ ಗಂಭೀರವಾದ ಮಾತು ಖಾಸಗಿತನದ್ದು. ‘/ಫ್ಲಶ್‌ಡಿಎನ್‌ಎಸ್’ ಬದಲು ‘/ಡಿಸ್‌ಪ್ಲೇಡಿಎನ್‌ಎಸ್’ ಎಂದು ಕೊಟ್ಟರೆ ಕ್ಯಾಶ್‌ನಲ್ಲಿರುವ ಹೆಸರುಗಳೆಲ್ಲ ಪರದೆಯ ಮೇಲೆ ಬರುತ್ತವೆ. ಇನ್‌ಕಾಗ್ನಿಟೋದಲ್ಲಿ ನೋಡಿದ ತಾಣದ ಹೆಸರೂ ಅಲ್ಲಿ ಉಳಿದಿರಬಹುದು, ಏಕೆಂದರೆ ಈ ಪಟ್ಟಿ ಬ್ರೌಸರಿನದ್ದಲ್ಲ, ವಿಂಡೋಸ್‌ನದ್ದು. ಯಾವ ಪುಟ ಓದಿದಿರಿ ಎಂಬುದು ತಿಳಿಯುವುದಿಲ್ಲ ನಿಜ. ಆದರೆ ಒಂದು ಕಾಯಿಲೆಯ ಸಹಾಯತಾಣದ ಹೆಸರೊಂದೇ ಎಷ್ಟೋ ಹೇಳಿಬಿಡುತ್ತದೆ. ಸೈಬರ್ ಸೆಂಟರಿನಲ್ಲೋ ಕಚೇರಿಯಲ್ಲೋ ಹಲವರು ಬಳಸುವ ಕಂಪ್ಯೂಟರಾದರೆ ಏಳುವ ಮುನ್ನ ಕ್ಯಾಶ್ ಅಳಿಸಿ. ಕಮಾಂಡ್ ನೆನಪಿಲ್ಲದಿದ್ದರೆ ರೀಸ್ಟಾರ್ಟ್ ಮಾಡಿ; ವಿಂಡೋಸ್ ಈ ಪಟ್ಟಿಯನ್ನು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುವುದರಿಂದ ಅದರಿಂದಲೂ ಅಳಿಸಿಹೋಗುತ್ತದೆ.