ಪಿನ್‌ಬಾಲ್ ಬರೀ ಅದೃಷ್ಟದ ಆಟವೇ? ಹಳೆಯ ಯಂತ್ರದೊಳಗೆ ಏನಿದೆ?

ಸಾರಾಂಶ

ಪಿನ್‌ಬಾಲ್ ಎಂದರೆ ಅದೃಷ್ಟದ ಆಟ, ಒಂದು ಬಗೆಯ ಜೂಜು ಎಂಬ ನಂಬಿಕೆ ಹಳೆಯದು. ಯಂತ್ರದ ರಚನೆ ಮತ್ತು ಇತಿಹಾಸವನ್ನು ನಾವು ಪರಿಶೀಲಿಸಿದೆವು. ಫ್ಲಿಪ್ಪರ್ ಇರುವ ಯಂತ್ರಗಳ ಮಟ್ಟಿಗೆ ಈ ಮಾತು ಬಹುಪಾಲು ತಪ್ಪು.

ಹೊರಗೆ ಕಾಣುವುದೇನು?

1976ರಲ್ಲಿ ಅಮೆರಿಕದ ಗಾಟ್ಲೀಬ್ ಕಂಪನಿ ತಯಾರಿಸಿದ 'ಸರ್ಫ್ ಚಾಂಪ್' ಯಂತ್ರವನ್ನೇ ನೋಡೋಣ. ಇದರ ವಿನ್ಯಾಸ ಎಡ್ ಕ್ರಿನ್‌ಸ್ಕಿಯವರದು, ಚಿತ್ರ ಗಾರ್ಡನ್ ಮಾರಿಸನ್ ಅವರದು. ಕಡಲು, ಅಲೆ, ಅಲೆಯ ಮೇಲೆ ಹಲಗೆ ಸವಾರಿ ಇದರ ವಿಷಯ. ಆ ಕಾಲದ ಯಂತ್ರಗಳಲ್ಲಿ ಬಿಲಿಯರ್ಡ್ಸ್, ಬೌಲಿಂಗ್, ಇಸ್ಪೀಟು ಕೂಡ ಸಾಮಾನ್ಯ. ಬಾರ್‌ಗೋ ಆಟದ ಅಂಗಡಿಗೋ ಬಿಡುವಿನಲ್ಲಿ ಬಂದವರನ್ನು ನಿಲ್ಲಿಸಿ ನಾಣ್ಯ ಹಾಕಿಸುವುದು ಈ ಚಿತ್ರಗಳ ಕೆಲಸ.

ಒಳಗೆ ನಡೆಯುವುದೇನು?

ಇದರಲ್ಲಿ ಕಂಪ್ಯೂಟರ್ ಚಿಪ್ ಇಲ್ಲ. ಉಕ್ಕಿನ ಚೆಂಡು ಸ್ವಿಚ್‌ಗೆ ತಾಗಿದಾಗ ವಿದ್ಯುತ್ ಹರಿದು ರಿಲೇ ಎಳೆದುಕೊಳ್ಳುತ್ತದೆ. ಆಗ ಇನ್ನೊಂದು ವಿದ್ಯುತ್ ಸುರುಳಿ ಅಂಕದ ಚಕ್ರವನ್ನು ಒಂದು ಹಲ್ಲಿನಷ್ಟು ಮುಂದೆ ತಳ್ಳುತ್ತದೆ. 500 ಅಂಕ ಬರಬೇಕಾದರೆ ಒಂದು ಪುಟ್ಟ ಮೋಟಾರ್ ತಿರುಗಿ ನೂರರ ಚಕ್ರಕ್ಕೆ ಐದು ಸಲ ವಿದ್ಯುತ್ ಕಳಿಸುತ್ತದೆ. ಯಂತ್ರವನ್ನು ಜೋರಾಗಿ ಅಲುಗಾಡಿಸಿದರೆ ಒಳಗೆ ತೂಗುವ ಲೋಹದ ಗುಂಡು ಸುತ್ತಲಿನ ಬಳೆಗೆ ತಾಗುತ್ತದೆ; ಸಾಮಾನ್ಯವಾಗಿ ಆ ಚೆಂಡಿನ ಆಟ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ನಿಷೇಧ ಏಕೆ?

ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲ್ ನಿಷೇಧಿಸಿತು. ಮೇಯರ್ ಲಾ ಗಾರ್ಡಿಯಾ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆಗಿನ ಯಂತ್ರಗಳಲ್ಲಿ ಚೆಂಡು ಬಿಟ್ಟ ಮೇಲೆ ಆಟಗಾರನ ಹಿಡಿತ ಅಲ್ಪವೇ. ಹಣ ಕಟ್ಟುವುದೂ ಇತ್ತು. ಹಾಗಾಗಿ ಆರೋಪ ಪೂರ್ತಿ ಸುಳ್ಳಲ್ಲ. ಆದರೆ 1947ರಲ್ಲಿ ಗಾಟ್ಲೀಬ್‌ನ 'ಹಂಪ್ಟಿ ಡಂಪ್ಟಿ' ವಿದ್ಯುತ್ ಫ್ಲಿಪ್ಪರ್‌ಗಳನ್ನು ತಂದಿತು. ಚೆಂಡನ್ನು ಯಾವ ಕ್ಷಣ ಹೊಡೆಯಬೇಕೆಂಬುದು ಆಟಗಾರನ ಕೈಗೆ ಬಂತು. ಯಂತ್ರ ಬದಲಾಯಿತು, ಕಾನೂನು ಮಾತ್ರ ಹಾಗೇ ಉಳಿಯಿತು.

1976ರಲ್ಲಿ ರೋಜರ್ ಶಾರ್ಪ್ ನಗರಸಭೆಯ ಸಮಿತಿಯ ಎದುರು ಆಡಿ ತೋರಿಸಿದರು. ಚೆಂಡು ನಡುವಿನ ಹಾದಿಗೆ ಹೋಗುತ್ತದೆ ಎಂದು ಮೊದಲೇ ಹೇಳಿ ಹಾಗೇ ಹೊಡೆದರು. ಆ ಒಂದು ಹೊಡೆತದಲ್ಲಿ ಅದೃಷ್ಟವೂ ಇತ್ತೆಂದು ಅವರೇ ನಂತರ ಒಪ್ಪಿಕೊಂಡಿದ್ದಾರೆ. ನಿಷೇಧ ಅದೇ ವರ್ಷ ತೆರವಾಯಿತು.

ತೀರ್ಮಾನ

ಪಿನ್‌ಬಾಲ್‌ನಲ್ಲಿ ಅದೃಷ್ಟದ ಪಾಲಿದೆ. ಆದರೆ ಅಭ್ಯಾಸ ಇದ್ದವರು ಹೊಸಬರಿಗಿಂತ ಹೆಚ್ಚು ಹೊತ್ತು ಚೆಂಡನ್ನು ಉಳಿಸಿಕೊಳ್ಳುತ್ತಾರೆ. ಬರೀ ಅದೃಷ್ಟದ ಆಟದಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಈ ಹೇಳಿಕೆ ಬಹುಪಾಲು ತಪ್ಪು ಎಂದು ನಾವು ಪರಿಗಣಿಸುತ್ತೇವೆ.